ಕೃಷ್ಣಗಿರಿಗೆ ಬಂದ ರೈಲು

ನಾನು ರೈಲು ಓಡಿಸುತ್ತೇನೆ ಎಂದರೆ ನೀವು ನಂಬಬೇಕಾಗಿಲ್ಲ. ನನ್ನ ಹೆಂಡತಿಯೇ ನಂಬುವುದಿಲ್ಲ. ಭಾನುವಾರ ಊಟವಾದ ಮೇಲೆ, ಹೊಸೂರಿನ ಪಕ್ಕದ ಮತ್ತಿಗಿರಿಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಬನಿಯನ್ನಿನಲ್ಲಿ ಕೂತು ಕಂಪ್ಯೂಟರಿನೊಳಗೆ ಓಡಿಸುವ ರೈಲು ಅದು. ವಾರವಿಡೀ ಕಾರ್ಖಾನೆಯಲ್ಲಿ ಕೆಟ್ಟ ಮೆಷಿನ್ನು ರಿಪೇರಿ ಮಾಡುವವರು ರಜೆಯ ದಿನ ಇಲ್ಲದ ಎಂಜಿನ್ನನ್ನು ರಿಪೇರಿ ಮಾಡ್ತಾ ಕೂತಿರ್ತೀರಲ್ಲ, ನಿಮಗೇನು ಹುಚ್ಚೇ ಎಂದು ನಾಗವೇಣಿ ಕೇಳುತ್ತಾಳೆ. ಏನು ಹೇಳಲಿ? ಇಲ್ಲಿ ಕೈಗೆ ಗ್ರೀಸು ಹತ್ತುವುದಿಲ್ಲ, ಸೂಪರ್‌ವೈಸರು ಬಂದು ಬೆನ್ನ ಹಿಂದೆ ನಿಲ್ಲುವುದಿಲ್ಲ.

ಈ ಆಟದ ಮಜಾ ಓಡಿಸುವುದಕ್ಕಿಂತ ತಿದ್ದುವುದರಲ್ಲೇ ಹೆಚ್ಚು. ಅಷ್ಟು ದೊಡ್ಡ ಎಂಜಿನ್ನಿನ ಜಾತಕವೆಲ್ಲ ಒಂದು ಸಣ್ಣ ಫೈಲಿನಲ್ಲಿರುತ್ತದೆ: ತೂಕ, ಶಕ್ತಿ, ಬ್ರೇಕಿನ ಹಿಡಿತ, ಕೂಗುವ ದನಿ. ಫೈಲು ತೆರೆದು ಒಂದು ಸಂಖ್ಯೆ ಬದಲಿಸಿದರೆ ಸಾಕು, ಏರಿನಲ್ಲಿ ಏದುಸಿರು ಬಿಡುತ್ತಿದ್ದ ಎಂಜಿನ್ನು ಕುದುರೆಯಾಗುತ್ತದೆ. ಮನುಷ್ಯರಿಗೂ ಇಂಥದೊಂದು ಫೈಲು ಇದ್ದಿದ್ದರೆ ನಾನು ಮೊದಲು ತೆರೆಯುತ್ತಿದ್ದುದು ನಮ್ಮ ಮಾವನವರದು. ಹಟವನ್ನು ಅರ್ಧಕ್ಕಿಳಿಸಿ, ಸೇವ್ ಮಾಡಿ, ಸದ್ದಿಲ್ಲದೆ ಮುಚ್ಚಿಬಿಡುತ್ತಿದ್ದೆ.

ಮಾವ ಮುನಿಯಪ್ಪನವರು, ಅಂದರೆ ನಾಗವೇಣಿಯ ತಂದೆ, ಕೃಷ್ಣಗಿರಿಯವರು. ಹಣ್ಣಿನ ಮಂಡಿಯಲ್ಲಿ ದುಡಿದು ಈಗ ಮನೆಯಲ್ಲಿದ್ದಾರೆ. ಊರು ಜಿಲ್ಲೆಯಾಯಿತು, ಕಲೆಕ್ಟರು ಬಂದರು, ರೈಲು ಮಾತ್ರ ಬರಲಿಲ್ಲ ಎಂಬುದು ಅವರ ದುಃಖ. ಬರಿಯ ಊರಭಿಮಾನ ಎಂದುಕೊಂಡಿದ್ದೆ, ಅಷ್ಟೇ ಅಲ್ಲ. ಹಿಂದೆ ಅಲ್ಲಿಗೊಂದು ಪುಟ್ಟ ರೈಲು ಬರುತ್ತಿತ್ತಂತೆ, ಎರಡನೇ ಮಹಾಯುದ್ಧದ ಕಾಲದಲ್ಲಿ ನಿಂತುಹೋಯಿತಂತೆ. ಕೈಗೂಸಾಗಿದ್ದ ಇವರನ್ನು ಸೊಂಟದ ಮೇಲಿಟ್ಟುಕೊಂಡು ಇವರ ತಾಯಿ ಅದರಿಂದ ಇಳಿದಿದ್ದರಂತೆ.

"ನಮ್ಮವ್ವ ಸಾಯಾಗಂಟ ಹೇಳ್ತಿದ್ಲು ಅಳಿಯಂದ್ರೆ. ನಂಗೆ ಒಂಚೂರೂ ಗ್ಯಾಪಕ ಇಲ್ಲ," ಎಂದರು ಒಮ್ಮೆ. "ನಮ್ಮೂರಲ್ಲಿ ರೈಲಿಂದ ಇಳಿಯೋದು ಹೆಂಗಿರ್ತದೋ ಗೊತ್ತೇ ಆಗ್ದಂಗೆ ಹೋಗ್ಬುಡ್ತೀನೋ ಏನೋ."

ಆ ಮಾತು ಕೇಳಿ ನಾನು ಹಿಂದೆಮುಂದೆ ನೋಡಲಿಲ್ಲ. "ಮುಂದಿನ ಭಾನುವಾರ ಬನ್ನಿ ಮಾವ, ಇಳಿಸ್ತೀನಿ," ಎಂದುಬಿಟ್ಟೆ.

ಹಳಿ ಹಾಕುವಷ್ಟು ವಿದ್ಯೆ ನನಗಿಲ್ಲ. ಆಟದ ಜೊತೆಗೇ ಬಂದಿದ್ದ ಯಾವುದೋ ಪರದೇಶದ ದಾರಿಯಲ್ಲಿ, ಹಿಂದೊಂದು ಬೆಟ್ಟವಿದ್ದ ಸ್ಟೇಷನ್ನು ಹುಡುಕಿ, ಹೆಸರು ಅಳಿಸಿ ಕೃಷ್ಣಗಿರಿ ಎಂದು ಬರೆದೆ. ಎಂಜಿನ್ನಿಗೆ ಗಿಣಿಮೂತಿ ಮಾವಿನ ಬಣ್ಣ ಬಳಿದೆ, ಕೆಳಗೆ ಹಸಿರು, ಮೇಲೆ ಹಳದಿ. ಬಣ್ಣ ಎಲ್ಲೆಲ್ಲಿಗೋ ಹರಿದು ಹೆಡ್‌ಲೈಟೂ ಹಸಿರಾಯಿತು. ಇರಲಿ ಎಂದು ಬಿಟ್ಟೆ. ಶನಿವಾರ ಓಡಿಸಿ ನೋಡಿದಾಗ ಲಕ್ಷಣವಾಗಿ ಓಡಿತು.

ಭಾನುವಾರ ಮಾವ ಬಂದರು. ಇಸ್ತ್ರಿಯ ಪಂಚೆ, ಹೆಗಲಿಗೆ ಟವೆಲು, ಕೈಯಲ್ಲೊಂದು ಚೀಲ. ಪ್ರಯಾಣಕ್ಕೆ ಹೊರಟವರ ಹಾಗೆಯೇ ಇದ್ದರು. ಎಂಜಿನ್ನು ಕಂಡು ಹಿಗ್ಗಿದವರೇ ಮಗಳನ್ನು ಕೂಗಿದರು. "ಏನಮ್ಮಿ, ಹೊಸ ಗಾಡಿ, ಪೂಜೆ ಮಾಡ್ದೆ ಹಂಗೇ ಎತ್ತೋದಾ? ಕುಂಕುಮ ತಗಂಬಾ!"

ಆಯುಧಪೂಜೆಗೆ ಡ್ರಿಲ್ಲಿಂಗ್ ಮೆಷಿನ್ನಿಗೂ ಕುಂಬಳಕಾಯಿ ಒಡೆಯುವ ಹೊಸೂರಿನ ಜನ ನಾವು. ಅವರ ಮಾತು ನ್ಯಾಯವೇ ಅನಿಸಿತು. ಗಾಜಿನ ನಡುವೆ ಇಟ್ಟರೆ ದಾರಿ ಕಾಣುವುದಿಲ್ಲವೆಂದು ನಾನೇ ಮಾನಿಟರಿನ ಕೆಳಗಿನ ಮೂಲೆ ತೋರಿಸಿದೆ. ನಾಗವೇಣಿ ಅಲ್ಲಿ ಅರಿಸಿನ ಹಚ್ಚಿ, ಮೇಲೆ ದಪ್ಪನೆಯ ಕುಂಕುಮವಿಟ್ಟು ಊದುಬತ್ತಿ ಬೆಳಗಿದಳು. ನಾನು ಎಂಜಿನ್ನು ಚಾಲೂ ಮಾಡಿದೆ. ಗುರ್ರೆಂದಿತು, ಕದಲಲಿಲ್ಲ.

ನನ್ನ ಕಾರ್ಖಾನೆಯ ಬುದ್ಧಿ ಎಚ್ಚರವಾಯಿತು. ಡೀಸೆಲ್ಲು ಇದೆಯೇ? ಗೇರು ಮುಂದಕ್ಕಿದೆಯೇ? ಸಿಗ್ನಲ್ಲು ಹಸಿರಿದೆಯೇ? ಎಲ್ಲ ಸರಿ. ಕಾರಣ ಗೊತ್ತಾಗದಿದ್ದಾಗ ಇನ್ನಷ್ಟು ಶಕ್ತಿ ಕೊಟ್ಟು ನೋಡುವುದು ನಮ್ಮ ರಿಪೇರಿ ಜನರ ಕೊನೆಯ ಮದ್ದು. ಫೈಲು ತೆರೆದು ಶಕ್ತಿಯ ಸಂಖ್ಯೆಯ ಕೊನೆಗೆ ಒಂದು ಸೊನ್ನೆ ಸೇರಿಸಿದೆ. ಮತ್ತೆ ಚಾಲೂ ಮಾಡಿದರೆ ಕೂಗಿತು, ಹೊಗೆ ಕಾರಿತು, ನಿಂತಲ್ಲೇ ನಿಂತಿತು. ಮಾವ ತೊಡೆಯ ಮೇಲಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟರು.

"ಬುಡಿ ಅಳಿಯಂದ್ರೆ. ನಮ್ಮೂರ ಹಣೇಲಿ ರೈಲು ಬರ್ದಿಲ್ಲ."

ನನಗೆ ಅಳುವೇ ಬಂದಂತಾಯಿತು. ಬೇಡದ ಆಸೆ ಹುಟ್ಟಿಸಿದವನು ನಾನೇ ತಾನೆ?

ಅಷ್ಟರಲ್ಲಿ ನಾಗವೇಣಿ, ಗಾಜಿನಿಂದ ಇಳಿಯುತ್ತಿದ್ದ ಅರಿಸಿನವನ್ನು ಸೆರಗಿನಲ್ಲಿ ಒರೆಸಲು ಹೋಗಿ ಕುಂಕುಮವನ್ನೂ ಅಳಿಸಿದಳು. "ರೀ, ಇದರ ಹಿಂದೆ ಗಡಿಯಾರದಂಥದ್ದು ಏನೋ ಅದೆ ನೋಡಿ."

ಅಯ್ಯೋ ನನ್ನ ಕರ್ಮವೇ! ಅದು ಬ್ರೇಕಿನ ಮುಳ್ಳು. ಆಟ ಶುರುವಾಗುವಾಗ ಬ್ರೇಕು ಹಾಕಿಯೇ ಇರುತ್ತದೆ. ಪ್ರತಿ ಸಲವೂ ಆ ಮುಳ್ಳು ನೋಡಿಯೇ ಬಿಡಿಸುವವನು ಇವತ್ತು ಅದಕ್ಕೆ ಕುಂಕುಮ ಇಡಿಸಿ ಕೂತಿದ್ದೆ. ಖುಷಿಯಲ್ಲಿ ಬ್ರೇಕು ಬಿಡಿಸಿದೆ. ಸೇರಿಸಿದ ಸೊನ್ನೆ ಮರೆತೇಹೋಗಿತ್ತು.

ರೈಲು ಹಗ್ಗ ಕಿತ್ತ ಹೋರಿಯಂತೆ ಹಾರಿತು. ಮರಗಳು, ಮನೆಗಳು, ಸೇತುವೆ, ಯಾವುದೂ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. ನಾನು ಬ್ರೇಕು ಒತ್ತುತ್ತಲೇ ಇದ್ದೆ.

"ಬಂತು! ಬಂತು! ಅಳಿಯಂದ್ರೆ, ನಿಲ್ಸಿ! ಊರು ಹೋಗ್ಬುಡ್ತು!"

ಕೃಷ್ಣಗಿರಿ ಹೋಗಿಯೇಬಿಟ್ಟಿತ್ತು. ಮಾವ ನನ್ನ ಮುಖ ನೋಡಿದರು. "ಇಷ್ಟು ವರ್ಷ ಬರ್ನೇ ಇಲ್ಲ. ಬಂದಿದ್ದೂ ನಿಲ್ನಿಲ್ಲವಲ್ಲಪ್ಪಾ!" ಎಂದರು. ಮೊದಲು ನಕ್ಕವಳು ನಾಗವೇಣಿ, ಆಮೇಲೆ ಅವರೂ ನಕ್ಕರು.

ಸೊನ್ನೆ ತೆಗೆದು ಆಟವನ್ನು ಮೊದಲಿನಿಂದ ಶುರು ಮಾಡಿದೆ. ಬ್ರೇಕು ಬಿಡಿಸಿದೆ. ಈ ಸಲ ಗಿಣಿಮೂತಿ ಎಂಜಿನ್ನು ಗರ್ಭಿಣಿಯನ್ನು ಕೂರಿಸಿಕೊಂಡ ಗಾಡಿಯ ಹಾಗೆ ಹುಷಾರಾಗಿ ಹೊರಟಿತು. ದೂರದಲ್ಲಿ ಹಿಮ ಮೆತ್ತಿದ ಬೆಟ್ಟ ಕಂಡಿತು.

"ಅದೇನು, ನಮ್ಮ ಬೆಟ್ಟದ ಮೇಲೆ ಬೆಳ್ಳಗೆ?"

"ಸುಣ್ಣ ಹೊಡೆದಿದ್ದಾರೆ ಮಾವ."

"ಸರಿ ಸರಿ, ಕಲೆಕ್ಟರು ಹೊಡೆಸಿರ್ತಾರೆ," ಎಂದು ಒಪ್ಪಿಕೊಂಡರು. ಅಷ್ಟು ಹಟದ ಮನುಷ್ಯ ಅಷ್ಟು ಸುಲಭಕ್ಕೆ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ.

ರೈಲು ಬೋರ್ಡಿನ ಎದುರಿಗೇ ನಿಂತಿತು. ಮಾವ ಎದ್ದರು. ಚೀಲ ಎತ್ತಿಕೊಂಡು, ಮೇಜಿನ ಅಂಚು ಹಿಡಿದು, ನಮ್ಮ ನಡುಮನೆಯ ಸಮನೆಲದ ಮೇಲೆ ಎತ್ತರದಿಂದ ಇಳಿಯುವವರ ಹಾಗೆ ಒಂದೊಂದೇ ಕಾಲನ್ನು ಕೆಳಗಿಟ್ಟರು.

"ಅವ್ವಾ, ಇಳಿದ್ನಮ್ಮಾ," ಎಂದರು. ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

ಸಂಜೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕೃಷ್ಣಗಿರಿ ಬಸ್ಸು ಹತ್ತಿಸಿದೆ. ರೈಲಿನಲ್ಲಿ ಊರು ಮುಟ್ಟಿಸಿ ಮತ್ತೆ ಬಸ್ಸಿನಲ್ಲಿ ಕಳಿಸುತ್ತಿದ್ದೇನಲ್ಲ ಎಂದು ನನಗೆ ಸಂಕೋಚ; ಹಾಗೆಯೇ ಹೇಳಿದೆ. ಮಾವ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನನಗೇ ಸಮಾಧಾನ ಹೇಳಿದರು.

"ಅದಕ್ಕೇನಂತೆ ಅಳಿಯಂದ್ರೆ? ಟೇಸನ್ನು ಮನೆಯಿಂದ ವಸಿ ದೂರ ಆಯ್ತು, ಅಷ್ಟೇಯ."