ನಲವತ್ತೊಂದು ಸೆಕೆಂಡಿನ ನಿಘಂಟು

ಹನ್ನೊಂದು ವರ್ಷದ ಹಿಂದೆ ಈ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ, ಬಾಯ್ಲರ್ ಸಿಡಿದು ಎರಡೂ ಕಣ್ಣು ಕಳೆದುಕೊಂಡಿದ್ದ ಕೆಲಸಗಾರನೊಬ್ಬನ ಹೆಬ್ಬೆರಳು ಹಿಡಿದು ಇಂಗ್ಲಿಷಿನ ಕಾಗದವೊಂದಕ್ಕೆ ಒತ್ತಿಸಿಕೊಂಡರು. ಅಪಘಾತ ತನ್ನ ತಪ್ಪಿನಿಂದಲೇ ಆಯಿತು, ಇನ್ನು ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅವನನ್ನು ಮೇಲಕ್ಕೆ ಒಯ್ದ ಲಿಫ್ಟಿನ ಹಿಡಿಕೆ ಅವನ ತಂಗಿಯ ಕೈಯಲ್ಲಿತ್ತು.

ಆ ತಂಗಿಯನ್ನು ಈಗ ಎಲ್ಲರೂ ಲಿಫ್ಟಕ್ಕ ಎನ್ನುತ್ತಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಸ ಗುಡಿಸುವವರ ಬಕೆಟ್ಟಿನ ಸದ್ದು ಬಿಟ್ಟರೆ ಕಟ್ಟಡದಲ್ಲಿ ಮತ್ತಾವ ಸದ್ದೂ ಇಲ್ಲ. ಲಿಫ್ಟಕ್ಕ ಕಬ್ಬಿಣದ ಜಾಲರಿ ಬಾಗಿಲು ಎಳೆದು, ಸ್ಟೂಲಿನ ಮೇಲೆ ಕೂತು, ಹಿತ್ತಾಳೆಯ ಹಿಡಿಕೆ ತಿರುಗಿಸುತ್ತಾಳೆ. ಇದು ಹಳೆಯ ಕಾಲದ ಲಿಫ್ಟು, ಹಿಡಿಕೆ ಬಿಟ್ಟರೆ ನಿಂತುಬಿಡುತ್ತದೆ. ಜನ ಬರುವ ಮೊದಲು ಒಂದು ಖಾಲಿ ಸುತ್ತು ಓಡಿಸಿ ನೋಡಬೇಕೆಂಬುದು ನಿಯಮ. ಆ ಖಾಲಿ ಸುತ್ತೇ ಅವಳ ಶಾಲೆ. ಮಹಡಿಗೊಂದರಂತೆ ಒಂಬತ್ತು ಹೊಸ ಇಂಗ್ಲಿಷ್ ಪದಗಳನ್ನು ಗಟ್ಟಿಯಾಗಿ ಹೇಳುತ್ತ ಏರುತ್ತಾಳೆ, ಅವೇ ಒಂಬತ್ತನ್ನು ಹಿಂದುಮುಂದಾಗಿ ಹೇಳುತ್ತ ಇಳಿಯುತ್ತಾಳೆ.

“ಒಂಬತ್ತರಲ್ಲಿ ಎರಡು ತಲೇಲಿ ನಿಂತ್ರೆ ಆ ದಿನ ಚೆನ್ನಾಗಿತ್ತು ಅಂತ ಲೆಕ್ಕ,” ಎನ್ನುತ್ತಾಳೆ. ಹಾಗೆ ನಿಂತವು ಈಗ ಆರೂವರೆ ಸಾವಿರ. ಓದಿದ್ದು ಏಳನೆಯ ತರಗತಿ.

ಮೊದಲ ಡಿಕ್ಷನರಿ ಐದನೆಯ ಮಹಡಿಯ ವಕೀಲರ ಕಚೇರಿಯ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಎ ಮತ್ತು ಬಿ ಅಕ್ಷರಗಳ ಹಾಳೆಗಳು ಹರಿದುಹೋಗಿದ್ದವು. ಹಾಗಾಗಿ ಆ ಎರಡು ಅಕ್ಷರಗಳ ಪದಗಳನ್ನೆಲ್ಲ ಅವಳು ಲಿಫ್ಟು ಹತ್ತಿದವರನ್ನು ಕೇಳಿ ಕೇಳಿಯೇ ಕಲಿತಳು. ಕೆಲವರು ಹೇಳಿಕೊಟ್ಟರು. ಕೆಲವರು “ನಿನಗ್ಯಾಕಮ್ಮ ಇದೆಲ್ಲ” ಎಂದು ನಕ್ಕರು. ನಕ್ಕವರೂ ದಿನಾ ಅದೇ ಲಿಫ್ಟು ಹತ್ತಬೇಕಿತ್ತು. ಅವಳು ದಿನಾ ಕೇಳಿದಳು.

ಹದಿನಾಲ್ಕು ನೋಟುಬುಕ್ಕುಗಳಿವೆ. ಪದಗಳ ಜೋಡಣೆ ಅಕಾರಾದಿಯಲ್ಲಿಲ್ಲ, ಮಹಡಿಯ ಪ್ರಕಾರ ಇದೆ. ಮೂರನೆಯದು ಕೂಲಿ ಗುತ್ತಿಗೆದಾರರದು, ಐದನೆಯದು ವಕೀಲರದು, ಒಂಬತ್ತನೆಯದು ಪರಿಹಾರದ ಅರ್ಜಿ ನೋಡುವ ಕಚೇರಿಯದು. ಯಾವ ಮಹಡಿಯಲ್ಲಿ ಯಾವ ಪದ ಜನರ ಕುತ್ತಿಗೆ ಹಿಡಿಯುತ್ತದೋ ಆ ಮಹಡಿಯ ಪುಟಕ್ಕೆ ಆ ಪದ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂಬುದರ ಎದುರು ಹೀಗಿದೆ: ಮೇಲೆ ಬರೆದ ಒಳ್ಳೇದೆಲ್ಲ ಲೆಕ್ಕಕ್ಕಿಲ್ಲ. ‘ವಾಲಂಟರಿ’ ಎಂಬುದರ ಎದುರು: ತಾನಾಗಿಯೇ ಮಾಡಿದ್ದು; ಮೂರನೇ ಮಹಡೀಲಾದರೆ ಬೇರೆಯವರು ಮಾಡಿಸಿದ್ದು. ಇಷ್ಟು ನೆಟ್ಟಗೆ ಅರ್ಥ ಹೇಳುವ ನಿಘಂಟನ್ನು ಯಾವ ಪಂಡಿತ ಮಂಡಳಿಯೂ ಅಚ್ಚು ಹಾಕಿಸಿಲ್ಲ.

“ಅರ್ಥ ಪುಸ್ತಕದಲ್ಲಿ ಆಮೇಲೆ ನೋಡ್ತೀನಿ. ಮೊದಲು ಕೆಳಗಿಳಿಯೋರ ಮುಖದಲ್ಲಿ ನೋಡ್ತೀನಿ,” ಎನ್ನುತ್ತಾಳೆ.

ಮನೆಯಲ್ಲಿ ಪರೀಕ್ಷೆ ತೆಗೆದುಕೊಳ್ಳುವವನು ಅಣ್ಣ. ಕಣ್ಣಿಲ್ಲದ ಅವನಿಗೆ ಕೇಳಿದ್ದೆಲ್ಲ ಬಾಯಿಪಾಠ. ಸಂಜೆ ಒಗೆದ ಬಟ್ಟೆ ಮಡಿಸುತ್ತ ಒಂದೊಂದೇ ಪದ ಎಸೆಯುತ್ತಾನೆ. ತಂಗಿ ತಡವರಿಸಿದರೆ, “ಲಿಫ್ಟು ನಿಂತೋಯ್ತಾ?” ಎಂದು ಚುಚ್ಚುತ್ತಾನೆ. ‘ರಿಲಿಂಕ್ವಿಶ್’ ಎಂಬ ಪದವನ್ನು ಮಾತ್ರ ಅವನು ಕೇಳುವುದಿಲ್ಲ. ಎಲ್ಲ ಹಕ್ಕನ್ನೂ ಬಿಟ್ಟುಕೊಡುವುದು ಎಂದರ್ಥ. ಅವನ ಹೆಬ್ಬೆಟ್ಟಿನ ಗುರುತು ಬಿದ್ದದ್ದು ಆ ಪದದ ಕೆಳಗೆ.

“ಅವತ್ತು ನಾನೇ ಮೇಲೆ ಕರಕೊಂಡು ಹೋದೆ, ಒಳ್ಳೇದಾಗುತ್ತೆ ಅಂತ ನಗ್ತಾ ಹೋದೆ,” ಎನ್ನುತ್ತಾಳೆ ಲಿಫ್ಟಕ್ಕ.

ನೆಲದಿಂದ ಒಂಬತ್ತನೆಯ ಮಹಡಿಗೆ ನಲವತ್ತೊಂದು ಸೆಕೆಂಡು. ದಿನಕ್ಕೆ ಇನ್ನೂರರ ಮೇಲೆ ಸುತ್ತು. ಕೈಯಲ್ಲಿ ಕಾಗದ ಹಿಡಿದು, ಒಣಗಿದ ಬಾಯಲ್ಲಿ ನಿಂತವರನ್ನು ಅವಳು ಗುರುತು ಹಿಡಿಯುತ್ತಾಳೆ. ನಲವತ್ತೊಂದು ಸೆಕೆಂಡಿನಲ್ಲಿ ಒಂದು ಪದ ಬಿಡಿಸಿ ಹೇಳಬಹುದು, ಕಷ್ಟದ್ದೇ ಒಂದು. ಎಷ್ಟೋ ಜನ ಬಾಗಿಲು ತೆರೆದರೂ ಇಳಿಯದೆ ಅವಳ ಜೊತೆಗೇ ವಾಪಸು ಬಂದಿದ್ದಾರೆ. ಐದನೆಯ ಮಹಡಿಯ ಗುಮಾಸ್ತನೂ ಕದ್ದುಮುಚ್ಚಿ ಕೇಳಿಕೊಂಡು ಹೋಗುತ್ತಾನೆ.

“ಫೀಸು ನಿಮ್ಮ ಸಾಹೇಬರಿಗೆ, ಅರ್ಥ ನನ್ನ ಹತ್ರ,” ಎಂದು ಲಿಫ್ಟಕ್ಕ ರೇಗಿಸುತ್ತಾಳೆ.

“ಸಾಹೇಬರಿಗೂ ಗೊತ್ತಿಲ್ಲ ಲಿಫ್ಟಕ್ಕ, ಅದಕ್ಕೇ ಬಂದೆ.”

ಅರ್ಥವಾಗದ ಭಾಷೆಯಲ್ಲಿ ಬರೆದು ಅರ್ಥವಾಗದವರಿಂದಲೇ ಸಹಿ ಕೇಳುವುದು ಇಲ್ಲಿ ದಂಧೆ. ಸಹಿಗಳು ಕಡಿಮೆಯಾದದ್ದು ಮೇಲಿನವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಹೋದ ವಾರ ಕಟ್ಟಡದ ಮ್ಯಾನೇಜರು ಲಿಫ್ಟಿನೊಳಗೆ ಇಂಗ್ಲಿಷಿನಲ್ಲೊಂದು ಸೂಚನೆ ಅಂಟಿಸಿದರು. ನಿರ್ವಾಹಕಿ ಪ್ರಯಾಣಿಕರೊಡನೆ ಮಾತನಾಡುವುದರಿಂದ ‘ರಿಫ್ರೇನ್’ ಮಾಡತಕ್ಕದ್ದು, ಎಂದರೆ ದೂರ ಇರತಕ್ಕದ್ದು. ಅವಳು ಅದನ್ನು ಎರಡು ಸಲ ಓದಿ, ಆ ಪದವನ್ನು ನೋಟುಬುಕ್ಕಿಗೆ ಇಳಿಸಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಸ್ಟೂಲು ಅವಳದು, ಇಲ್ಲದಿದ್ದರೆ ಮುಂದಿನ ತಿಂಗಳು ತಾನಾಗಿ ಓಡುವ ಲಿಫ್ಟು ಎಂದು ಮ್ಯಾನೇಜರು ಬಾಯಲ್ಲೂ ಹೇಳಿದ್ದಾರೆ. ಮನೆಯ ಎರಡು ಹೊಟ್ಟೆಗೆ ಇರುವುದು ಈ ಒಂದು ಸ್ಟೂಲು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರೇ ಒಬ್ಬಳನ್ನು ಲಿಫ್ಟಿಗೆ ಹತ್ತಿಸುತ್ತಾರೆ. ಬಟ್ಟೆ ತೊಳೆಯುವ ಕಾರ್ಖಾನೆಯ ಹುಡುಗಿ. ಬಲಗೈ ಮೊಣಕೈವರೆಗೆ ಬ್ಯಾಂಡೇಜು, ಎಡಗೈಯಲ್ಲಿ ಕಾಗದ.

“ಒಂಬತ್ತು,” ಎನ್ನುತ್ತಾರೆ ಮ್ಯಾನೇಜರು.

ಲಿಫ್ಟಕ್ಕನ ಕಣ್ಣು ಕಾಗದದ ಮೇಲೆ ಓಡುತ್ತದೆ. “ಇದನ್ನ ಯಾರಾದ್ರೂ ಓದಿ ಹೇಳಿದ್ರಾ, ತಂಗಿ?”

ಹುಡುಗಿ ಇಲ್ಲವೆಂದು ತಲೆಯಾಡಿಸುತ್ತಾಳೆ.

“ಬೋರ್ಡು ಓದಿಲ್ವಾ ನೀವು?” ಮ್ಯಾನೇಜರ ದನಿ ಏರುತ್ತದೆ.

“ಓದಿದೀನಿ ಸಾರ್. ನಾನೊಬ್ಬಳೇ ಓದಿರೋದು.”

“ಹಾಗಾದ್ರೆ ಸುಮ್ನೆ ಲಿಫ್ಟು ಹೊರಡಿಸಿ.”

“ಇದರಲ್ಲಿ ಮೂರು ಕಷ್ಟದ ಪದ ಇದೆ ಸಾರ್. ಒಂಬತ್ತಕ್ಕೆ ಹೋಗೋ ಹೊತ್ತು ಒಂದಕ್ಕೆ ಸಾಕು, ಮೂರಕ್ಕೆ ಸಾಲದು.”

“ಮೇಲಕ್ಕೆ ತಗೊಂಡು ಹೋಗಿ ಅಂದೆ.”

ಲಿಫ್ಟಕ್ಕ ಹಿಡಿಕೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.

“ಇಲ್ಲ ಸಾರ್. ನಿಮಗೆ ಅವಸರ ಇದ್ರೆ ಮೆಟ್ಟಿಲು ಆ ಕಡೆ ಇದೆ.” ಹುಡುಗಿಯ ಕಡೆ ತಿರುಗಿ ಕಾಗದ ತೆಗೆದುಕೊಳ್ಳುತ್ತಾಳೆ. “ಬಾ ತಂಗಿ, ಈ ಸ್ಟೂಲಿನ ಮೇಲೆ ಕೂತ್ಕೋ. ಮೊದಲನೇ ಪದ ಇದು.”