ಬೆಲೆ ಹೇಳಲಾರದ ಪೋನಿಯೆಮ್

ಇಂಡೊನೇಷ್ಯಾದ ಜಾವಾದಲ್ಲಿ, ಜೋಗ್ಯಾ ಊರಿನ ಕೋತಗೆಡೆ ಮಾರುಕಟ್ಟೆಯಲ್ಲಿ ನನ್ನ ಮೆಣಸಿನಕಾಯಿ ಬುಟ್ಟಿಯ ಪಕ್ಕ ಕೂರುತ್ತಿದ್ದವಳು ಪೋನಿಯೆಮ್. ನಮಗೆಲ್ಲ ಅವಳು ಯು, ಅಂದರೆ ಅಕ್ಕ. ಸೋಯಾ ಕಾಳು ಬೇಯಿಸಿ, ಹುದುಗು ಬೆರೆಸಿ, ಬಾಳೆಎಲೆಯಲ್ಲಿ ಕಟ್ಟಿಟ್ಟು, ಗಟ್ಟಿಯಾದ ಮೇಲೆ ಟೆಂಪೆ ಅಂತ ತಂದು ಮಾರುತ್ತಿದ್ದಳು. ಬಾಯಿ ಜೋರು, ನಗು ಇನ್ನೂ ಜೋರು. ಆದರೆ ಜಾವಾದ ಹೆಂಗಸು ನೋಡಿ, ದಾಕ್ಷಿಣ್ಯ ಜಾಸ್ತಿ, ಹಳೇ ಗಿರಾಕಿಯ ಮುಂದೆ ಬೆಲೆ ಏರಿಸಿದ್ದೇನೆ ಅನ್ನಲು ಮಾತ್ರ ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಥಾಯ್ಲೆಂಡಿನವರ ಹಣದ ಬೆಲೆ ಬಿತ್ತು. ಅದರ ಹಿಂದೆಯೇ ನಮ್ಮ ರುಪಿಯಾ ಕೂಡ ಬಿತ್ತು. ಸೋಯಾ ಬರುತ್ತಿದ್ದದ್ದು ಅಮೆರಿಕದಿಂದ, ಡಾಲರ್ ಲೆಕ್ಕದಲ್ಲಿ. ಕಾಳಿನ ಬೆಲೆ ಗಗನಕ್ಕೇರಿತು.

"ಅವರು ಎಡವಿದ್ರೆ ನನ್ನ ಹಲ್ಲು ಯಾಕೆ ಉದುರ್ಬೇಕು?" ಎಂದು ಪೋನಿಯೆಮ್ ಗಂಡನನ್ನು ದಬಾಯಿಸಿದಳು, ಅವನೇ ಬೀಳಿಸಿದವನ ಹಾಗೆ.

ಅವಳ ಗಂಡ ಪಾರ್ದಿ ಸೈಕಲ್ ರಿಕ್ಷಾ ತುಳಿಯುವವನು. ಊರಿನ ಸುದ್ದಿಯೆಲ್ಲ ಅವನ ಕಿವಿಯಲ್ಲೇ.

"ಮೀನಂಗಡಿಗಳಲ್ಲಿ ಒಬ್ಬನ ಬುಟ್ಟಿ ನಾರಿದ್ರೆ ಗಿರಾಕಿ ಏನ್ ಮಾಡ್ತಾನೆ ಹೇಳು. ಮೂಗು ಮುಚ್ಕೊಂಡು ಅಷ್ಟೂ ಅಂಗಡಿ ದಾಟಿ ಓಡ್ತಾನೆ. ದುಡ್ಡು ಹಾಕಿದ್ದ ಪರದೇಶದವರೂ ಹಂಗೇ. ಅಲ್ಲಿ ಹೆದರಿದ್ರು, ಇಲ್ಲಿಂದ್ಲೂ ಬಾಚ್ಕೊಂಡು ಹೋದ್ರು."

"ನಮ್ಮ ಬುಟ್ಟಿ ಚೆನ್ನಾಗೇ ಇತ್ತಲ್ಲ?"

"ನಮ್ದೂ ಸ್ವಲ್ಪ ನಾರ್ತಿತ್ತು ಅಂತಾರಪ್ಪ."

ಪೋನಿಯೆಮ್ ಬೆಲೆಯನ್ನು ಮುಟ್ಟಲಿಲ್ಲ. ಟೆಂಪೆಯನ್ನೇ ತೆಳ್ಳಗೆ ಮಾಡಿದಳು. ಹೆಬ್ಬೆರಳು ದಪ್ಪ ಇದ್ದದ್ದು ಕಿರುಬೆರಳಾಯಿತು, ರಂಜಾನ್ ಹೊತ್ತಿಗೆ ರಟ್ಟಿನಂತಾಯಿತು. ನನಗೋ ಬಾಯಿ ಸುಮ್ಮನಿರದು.

"ಯು, ಗಾಳಿ ಬೀಸ್ತಿದೆ. ಮೇಲೆ ಏನಾದ್ರೂ ಭಾರ ಇಡು."

"ನಿನ್ನ ತಲೆ ಇಡ್ತೀನಿ ಬಾ. ಒಳಗೆ ಏನೂ ಇಲ್ದಿದ್ರೂ ಭಾರ ಚೆನ್ನಾಗಿದೆ."

ಗಿರಾಕಿಗಳು ಮಾತ್ರ ತುಟಿ ಬಿಚ್ಚಲಿಲ್ಲ. ಇಷ್ಟರಲ್ಲಿ ಬು ಹಾರ್ತಿನಿ ಅವಳ ಬುಟ್ಟಿಯ ಹತ್ತಿರ ಬರುವುದನ್ನೇ ಬಿಟ್ಟರು. ನಿವೃತ್ತ ಮೇಷ್ಟರ ಹೆಂಡತಿ, ನಾವೆಲ್ಲ ಮರ್ಯಾದೆಯಿಂದ ಬು, ಅಂದರೆ ಅಮ್ಮ, ಅನ್ನುತ್ತಿದ್ದೆವು. ಪೋನಿಯೆಮ್‌ಳ ಮೊದಲ ಗಿರಾಕಿ ಅವರೇ. ಈಗ ನಮ್ಮನ್ನು ಕಂಡರೆ ಮಾರುಕಟ್ಟೆಯ ಹಿಂದಿನ ಬಾಗಿಲಿಂದ ಹೋಗುತ್ತಿದ್ದರು.

"ನನ್ನ ಕೈರುಚಿ ಹೋಯ್ತು ಅಂದ್ಕೊಂಡಿದಾರೆ" ಎಂದಳು ಪೋನಿಯೆಮ್. "ಹಬ್ಬ ಮುಗೀಲಿ, ಬುಟ್ಟಿ ಎತ್ತಿಟ್ಬಿಡ್ತೀನಿ."

ಅವಳ ಮುಖ ನೋಡಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಹೋಗಿ ಹಿಂದಿನ ಬಾಗಿಲಲ್ಲಿ ಬು ಹಾರ್ತಿನಿಯವರನ್ನು ಹಿಡಿದೆ.

"ಯಾವ ಮುಖ ಇಟ್ಕೊಂಡು ಬರ್ಲಿ?" ಎಂದರು ಅವರು. "ಕಾಳಿಗೆ ಬೆಂಕಿ ಬಿದ್ದಿದೆ, ಅವಳು ಹಳೇ ಬೆಲೆಗೇ ಕೊಡ್ತಾಳೆ. ಅವಳ ತಟ್ಟೇಗೆ ಕೈ ಹಾಕ್ದಂಗೆ ಆಗತ್ತೆ. ಬೆಲೆ ಏರ್ಸು ಅಂತ ನಾನು ಹೇಗೆ ಹೇಳ್ಲಿ?"

"ಅವಳಿಗೆ ಕೇಳೋಕೆ ನಾಚಿಕೆ, ನಿಮಗೆ ಕೊಡೋಕೆ ನಾಚಿಕೆ. ಇಬ್ರೂ ನಾಚ್ಕೊಂಡು ಉಪವಾಸ ಸಾಯಿರಿ" ಎಂದೆ. ದೊಡ್ಡವರ ಹತ್ತಿರ ಹಾಗೆ ಮಾತಾಡಬಾರದು. ಆಡಿದೆ. ಬಂದು ಪೋನಿಯೆಮ್‌ಗೂ ಎಲ್ಲ ಹೇಳಿ ನಾಲ್ಕು ಬೈದೆ.

ಮರುದಿನ ಬುಟ್ಟಿಯಲ್ಲಿ ಹೆಬ್ಬೆರಳು ದಪ್ಪದ ಟೆಂಪೆ. ಬು ಹಾರ್ತಿನಿ ಬಂದು ಮುಂದೆ ಕೂತರು. ಪೋನಿಯೆಮ್ ತನ್ನ ಕಾಲುಬೆರಳು ನೋಡುತ್ತಾ ಹೊಸ ಬೆಲೆ ಹೇಳಿದಳು.

ಬು ಹಾರ್ತಿನಿ ಟೆಂಪೆ ಒತ್ತಿ ನೋಡಿ ಮುಖ ಸಿಂಡರಿಸಿದರು. "ಇಷ್ಟಾ? ಜಾಸ್ತಿ ಆಯ್ತು ಯು. ಸ್ವಲ್ಪ ಬಿಡು."

ತಿಂಗಳುಗಟ್ಟಲೆ ಯಾರೂ ಅವಳ ಹತ್ತಿರ ಚೌಕಾಸಿ ಮಾಡಿರಲಿಲ್ಲ. ಎಲ್ಲರೂ ಕನಿಕರದಿಂದ ಸುಮ್ಮನೆ ಕೊಂಡುಹೋಗುತ್ತಿದ್ದರು. ಪೋನಿಯೆಮ್ ತಲೆ ಎತ್ತಿದಳು. ಕಣ್ಣು ತುಂಬಿತ್ತು.

"ಒಂದು ಕಾಸೂ ಬಿಡಲ್ಲ ಬು" ಎಂದು ಇಡೀ ಮಾರುಕಟ್ಟೆಗೆ ಕೇಳುವಂತೆ ಗದರಿದಳು. "ತಗೊಳ್ಳೋದಾದ್ರೆ ತಗೊಳ್ಳಿ, ಸುಮ್ನೆ ಒತ್ತಿ ಒತ್ತಿ ಹಾಳ್ಮಾಡ್ಬೇಡಿ."