ಅಂತೋಣಿಯ ಗಾಜಿನ ಕಿಟಕಿ

ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಅಷ್ಟು ದೂರ ಹೋಗಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಹುಬ್ಬಳ್ಳಿಯಿಂದ ಬಂದು ಶಿವಮೊಗ್ಗದ ತಂಗಿಯ ಮನೆಯಲ್ಲಿ ಉಳಿದಿದ್ದವನು ಶನಿವಾರ ಬೆಳಿಗ್ಗೆ ಇಡ್ಲಿ ತಿಂದು ಪ್ರೈವೇಟ್ ಬಸ್ ಹತ್ತಿದೆ. ಮೂವತ್ತು ರೂಪಾಯಿ ಟಿಕೆಟ್ಟು, ಹದವಾದ ಬಿಸಿಲು. ಅಲ್ಲಿನ ಚರ್ಚಿನಲ್ಲಿ ಗೆಳೆಯ ಅಂತೋಣಿಯ ನೆನಪಿಗೆ ಕೂರಿಸಿದ ಬಣ್ಣದ ಗಾಜಿನ ಕಿಟಕಿ ನೋಡಬೇಕೆಂದು ತಂಗಿಗೆ ಹೇಳಿದ್ದೆ. ಅದು ಅರ್ಧ ನಿಜ. ನಾನು ನಿಜಕ್ಕೂ ಎದುರಿಸಬೇಕಾಗಿದ್ದದ್ದು ಅವನ ತಾಯಿ ರೋಸಮ್ಮನವರನ್ನು.

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಮಿಲಿಟರಿಯ ಹುಚ್ಚು ಇದ್ದದ್ದು ನನಗೆ. ಒಬ್ಬನೇ ಹೋಗಲು ಪುಕ್ಕಲು. ಒಲ್ಲೆ ಎನ್ನುತ್ತಿದ್ದ ಅಂತೋಣಿಯನ್ನೂ ಭರ್ತಿಗೆ ಎಳೆದುಕೊಂಡು ಹೋದೆ. ಓಟದ ಪರೀಕ್ಷೆಯಲ್ಲಿ ಮಿಲಿಟರಿ ಶೂರನಾದ ನಾನು ಅರ್ಧಕ್ಕೇ ಕೂತೆ, ಅವನು ಪಾಸಾದ. ಮೂರನೇ ವರ್ಷ ಗಡಿಯಿಂದ ಪೆಟ್ಟಿಗೆಯಲ್ಲಿ ಬಂದ. ಮಣ್ಣು ಮಾಡಿದ ದಿನ ಜನರ ಹಿಂದೆ ನಿಂತಿದ್ದು, ಅವನ ತಾಯಿಗೆ ಮುಖ ತೋರಿಸದೆ ಜಾರಿಕೊಂಡೆ. ಮತ್ತೆ ಆ ಊರಿಗೆ ಕಾಲಿಟ್ಟಿರಲಿಲ್ಲ.

ಭದ್ರಾ ಸೇತುವೆಯ ಹತ್ತಿರ ಇಳಿದೆ. ನಮ್ಮ ಕಾಲದಲ್ಲಿ ಚಿಮಣಿಯ ಮಸಿ ಒಗೆದ ಬಟ್ಟೆಯ ಮೇಲೆಲ್ಲ ಕೂತು ಅಮ್ಮಂದಿರು ಶಪಿಸುತ್ತಿದ್ದರು. ಈಗ ಕಾರ್ಖಾನೆ ಬಹುತೇಕ ನಿಂತಿದೆ, ಹೊಗೆಯಿಲ್ಲ, ಆಕಾಶ ಶುಭ್ರ. ಅಯ್ಯೋ, ಆ ಮಸಿಗೂ ಹಂಬಲಿಸುವ ಕಾಲ ಬಂತಲ್ಲ ಎನಿಸಿತು.

ಚರ್ಚಿನ ಪೂರ್ವದ ಗೋಡೆಯಲ್ಲಿ, ನೀಲಿ ಕೆಂಪು ಗಾಜಿನ ನಡುವೆ, ಮಿಲಿಟರಿ ದಿರಿಸಿನ ಅಂತೋಣಿ ನಿಂತಿದ್ದ. ಕಾಲ ಬಳಿ ಅವನ ಹೆಸರು. ಕೆಳಗೆ ಒಂದು ಮೆಟ್ಟಿಲೇಣಿ. ಅದರ ಮೊದಲ ಮೆಟ್ಟಿಲಲ್ಲಿ ನಿಂತು ಒಬ್ಬ ಮುದುಕಿ ಗಾಜು ಒರೆಸುತ್ತಿದ್ದರು. ರೋಸಮ್ಮನವರೇ. ಅಂತೋಣಿಯ ಎದೆಯವರೆಗೆ ಗಾಜು ಥಳಥಳಿಸುತ್ತಿತ್ತು, ಮುಖದ ಮೇಲೆ ಮಾತ್ರ ಧೂಳು.

ಹೆಸರು ಹೇಳಿದೆ. ಅವನನ್ನು ಭರ್ತಿಗೆ ಕರೆದೊಯ್ದವನು ನಾನೇ ಎಂದೂ ಹೇಳಿಬಿಟ್ಟು, ಬೈಗುಳಕ್ಕೆ ತಲೆತಗ್ಗಿಸಿ ನಿಂತೆ.

“ಗೊತ್ತು ಕಣ್ಣಾ, ಅವನೇ ಹೇಳಿದ್ದ,” ಎಂದರು. “ಸಿಟ್ಟು ಅದಕ್ಕಲ್ಲ. ಒಂದ್ಸಲನಾದ್ರೂ ಬಂದು ನನ್ನ ಪಕ್ಕ ಕೂತ್ಕೋತೀಯ ಅಂತ ಕಾದೆ. ನೀನು ಬರ್ಲೇ ಇಲ್ಲ.”

ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಏಣಿಯಿಂದ ಇಳಿದು ಒದ್ದೆ ಬಟ್ಟೆಯನ್ನು ನನ್ನ ಕೈಗಿಟ್ಟರು.

“ಮಂಡಿನೋವು, ಮೇಲೆ ಹತ್ತಕ್ಕಾಗಲ್ಲ. ಎರಡು ವರ್ಷದಿಂದ ಅವನ ಮುಖ ತೊಳೆದಿಲ್ಲ. ನೀನು ಹತ್ತು.”

ಹತ್ತಿದೆ. ಹಣೆ, ಕಣ್ಣು, ಕೆನ್ನೆ ಒರೆಸಿ, ಇನ್ನೇನು ಇಳಿಯಬೇಕು ಅನ್ನುವಾಗ ಅವರು ಕೆಳಗಿನಿಂದ ಕತ್ತೆತ್ತಿ, “ಕಿವಿ ಹಿಂದೇನೂ ಉಜ್ಜು. ಅಲ್ಲಿ ಉಜ್ಜಿಸ್ಕೊಳ್ಳೋಕೆ ಬಿಡ್ತಾನೇ ಇರಲಿಲ್ಲ,” ಎಂದರು.